ಮೌನದ ಅಳತೆ

ಲೊವೀನಾ ಇನ್ನೂ ಅರ್ಧ ಪ್ರಾರ್ಥನೆಯಲ್ಲಿದ್ದಳು. ಅಷ್ಟರಲ್ಲೇ ಮೇಜಿನ ಆ ತುದಿಯಲ್ಲಿ ಗಂಡ ಮಾಹ್ಲನ್ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು.

ತಲೆ ಎತ್ತಬಹುದು ಎಂಬುದಕ್ಕೆ ಅದು ಸೂಚನೆ. ಅಮೆರಿಕದ ಓಹಾಯೋದ ಆ ಕಣಿವೆಯಲ್ಲಿ, ಹಳೆಯ ಸರಳ ರೀತಿಯಲ್ಲೇ ಬಾಳುವ ಆಮಿಶ್ ಕ್ರೈಸ್ತರ ಮನೆಗಳಲ್ಲಿ, ಊಟದ ಪ್ರಾರ್ಥನೆಗೆ ದನಿಯಿಲ್ಲ. ಮನೆಯ ಯಜಮಾನ ತಲೆ ಬಾಗಿಸಿದರೆ ಎಲ್ಲರೂ ಬಾಗಿಸುತ್ತಾರೆ. ಅವನು ಗಂಟಲು ಸರಿಪಡಿಸಿಕೊಂಡರೆ ಎಲ್ಲರೂ ಎತ್ತುತ್ತಾರೆ. ನಡುವಿನ ಮೌನದಲ್ಲಿ ಒಬ್ಬೊಬ್ಬರೂ ಮನಸ್ಸಿನೊಳಗೇ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ತಟ್ಟೆಯಲ್ಲಿರುವುದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ಆ ಮೌನಕ್ಕೆ ಗಡಿಯಾರ ಬೇಕಾಗಿಲ್ಲ. ಪ್ರಾರ್ಥನೆಯೇ ಅದರ ಅಳತೆ. ಮದುವೆಯಾದ ವರ್ಷವೇ ಲೊವೀನಾಳ ಆಮೆನ್ ಮತ್ತು ಮಾಹ್ಲನ್‌ನ ಗಂಟಲಿನ ಸದ್ದು ಒಂದೇ ಕ್ಷಣಕ್ಕೆ ಬಂದು ಕೂಡಲು ಕಲಿತಿದ್ದವು. ಅಂದಿನಿಂದ ಆ ಕೂಡಿಕೆ ಒಮ್ಮೆಯೂ ತಪ್ಪಿದ್ದಿಲ್ಲ.

ಇಂದು ತಪ್ಪಿತು. ಅವಳು ದಿನದ ಆಹಾರವನ್ನು ಬೇಡುವ ಮಾತಿಗೆ ಬಂದು ನಿಂತಿದ್ದಳು, ಅಷ್ಟೆ.

ಹದಿನೇಳರ ಮಗ ಎಮರಿ ಆಗಲೇ ಆಲೂಗಡ್ಡೆಯ ಬೋಗುಣಿಗೆ ಕೈ ಹಾಕಿದ್ದ. ಅವನ ಪಕ್ಕದಲ್ಲಿ ಒಂಬತ್ತರ ಸಲೋಮ ಮಾತ್ರ ಕಣ್ಣು ಮುಚ್ಚಿ, ತಲೆ ಬಾಗಿಸಿಯೇ ಕುಳಿತಿದ್ದಳು. ಫೆಬ್ರುವರಿಯ ಕಾಯಿಲೆ ಅವಳ ಎರಡು ಕಿವಿಗಳನ್ನೂ ಕೊಂಡೊಯ್ದಿತ್ತು. ಅಪ್ಪನ ಸೂಚನೆ ಅವಳನ್ನು ತಲುಪುತ್ತಿರಲಿಲ್ಲ. ಎಮರಿ ಎಂದಿನಂತೆ ಅವಳ ಮೊಣಕೈಯನ್ನು ಮೆಲ್ಲಗೆ ತಟ್ಟಿದ.

"ನಾನಿನ್ನೂ ಮುಗಿಸಿಲ್ಲ!" ಎಂದಳು ಸಲೋಮ. ತನ್ನ ದನಿ ತನಗೇ ಕೇಳಿಸದ ಹುಡುಗಿಯ ಮಾತು ಅಡುಗೆಮನೆಯ ಗೋಡೆಗೆ ಬಡಿದು ಬಂತು.

ಎಮರಿ ಅವಳ ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ಅಗಲವಾಗಿ ಆಡಿಸುತ್ತ ಹೇಳಿದ: "ಮುಗಿಸ್ಕೋ ತಾಯಿ, ಮುಗಿಸ್ಕೋ. ಆದ್ರೆ ಆಲೂಗಡ್ಡೆ ನಿನಗೋಸ್ಕರ ಕಾಯುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ."

"ನಾನು ಮುದುಕಿ, ನಂದೇ ನಿಧಾನ ಅಂದ್ಕೊಂಡಿದ್ದೆ," ಎಂದಳು ಮಾಹ್ಲನ್‌ನ ತಾಯಿ ಡ್ರುಸಿಲಾ, ಕನ್ನಡಕ ಒರೆಸಿಕೊಳ್ಳುತ್ತ. "ಮಗೂಗೂ ಹೊತ್ತು ಸಾಲ್ಲಿಲ್ಲ ಅಂದ್ರೆ, ಇವತ್ತು ಯಜಮಾನ್ರಿಗೆ ಹಸಿವು ಜೋರು."

ಮಾಹ್ಲನ್ ನಗಲಿಲ್ಲ. ಬೆಣ್ಣೆಯ ತಟ್ಟೆಯನ್ನು ತಾಯಿಯ ಕಡೆಗೆ ಸರಿಸಿ, ಊಟಕ್ಕೆ ತೊಡಗಿದ.

ಮರುದಿನ ಬೆಳಿಗ್ಗೆ ಇದಕ್ಕೆ ತದ್ವಿರುದ್ಧ. ಲೊವೀನಾಳ ಆಮೆನ್ ಬಂದು ಹೋಯಿತು. ಅವಳು ಮತ್ತೊಮ್ಮೆ ಮೊದಲಿನಿಂದ ಆರಂಭಿಸಿ ಅದನ್ನೂ ಮುಗಿಸಿದಳು. ಗಂಜಿಯ ಮೇಲೆ ಕೆನೆ ಕಟ್ಟಿತು. ಎಮರಿಯ ಬೂಟು ಮೇಜಿನ ಕೆಳಗೆ ನೆಲವನ್ನು ಕೆರೆಯಿತು. ಆಮೇಲೆ, ನಿದ್ದೆಯಿಂದ ಎಚ್ಚೆತ್ತವನ ಹಾಗೆ, ಮಾಹ್ಲನ್ ಗಂಟಲು ಸರಿಪಡಿಸಿಕೊಂಡ.

ಒಲೆಯ ಮುಂದೆ ನಿಂತಾಗ ಲೊವೀನಾಳಿಗೆ ಆ ಯೋಚನೆ ಬಂತು. ಬಂದ ಕೂಡಲೇ ಕೈಯಲ್ಲಿದ್ದ ಸೌಟು ನಿಂತಿತು. ಅವಸರದವನು ಪ್ರಾರ್ಥನೆಯನ್ನು ಬೇಗ ಮುಗಿಸಿಯಾನು. ಭಕ್ತಿ ಹೆಚ್ಚಿದವನು ಎಳೆದಾನು. ಒಂದು ದಿನ ಗಿಡ್ಡ, ಒಂದು ದಿನ ಉದ್ದ ಎಂದರೆ ಅರ್ಥವೇನು? ಎಲ್ಲಿ ನಿಲ್ಲಿಸಬೇಕೆಂಬುದು ಒಬ್ಬನಿಗೆ ಮಾತ್ರ ತಿಳಿಯುವುದಿಲ್ಲ. ಪ್ರಾರ್ಥನೆಯನ್ನೇ ಮಾಡದವನಿಗೆ.

ಮಧ್ಯಾಹ್ನ ಅವಳು ಬದುಕಿನಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಎಲ್ಲರೂ ತಲೆ ಬಾಗಿಸಿದ ಮೇಲೆ ಕಣ್ಣು ತೆರೆದು ಗಂಡನ ಕಡೆ ನೋಡಿದಳು.

ಮಾಹ್ಲನ್‌ನ ತಲೆ ಬಾಗಿತ್ತು. ಕೈಗಳು ಕೂಡಿದ್ದವು. ಕಣ್ಣುಗಳು ತೆರೆದಿದ್ದವು. ಮುಚ್ಚಿದ ಅಂಗಡಿಯ ಮುಂದೆ ಏಕೆ ನಿಂತಿದ್ದೇನೆಂದು ಮರೆತವನಂತೆ ಅವನು ತನ್ನ ಚಮಚವನ್ನೇ ನೋಡುತ್ತ ಕುಳಿತಿದ್ದ.

*

ಮನೆಯ ಹಿಂದೆ ಅವನ ಕೆಲಸದ ಕೊಠಡಿ. ಗಾಡಿಯ ಕುದುರೆಗಳಿಗೆ ಚರ್ಮದ ಸಜ್ಜು ಹೊಲಿಯುವುದು ಅವನ ಕಸುಬು. ಲೊವೀನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಎಷ್ಟು ದಿನದಿಂದ?" ಎಂದು ಕೇಳಿದಳು.

ಮಾಹ್ಲನ್ ದಾರಕ್ಕೆ ಮೇಣ ತಿಕ್ಕುತ್ತಿದ್ದ. ಏನು ಎಂದು ಕೇಳಲಿಲ್ಲ. ಹೆಂಡತಿಯ ಮುಖ ನೋಡಿದ ಮೇಲೆ ಆ ನಾಟಕಕ್ಕೆ ಎಡೆಯಿರಲಿಲ್ಲ.

"ಫೆಬ್ರುವರಿಯಿಂದ."

"ಇಷ್ಟು ದಿನ ತಲೆ ಬಾಗಿಸ್ಕೊಂಡು ಕೂತ್ಕೊಳ್ತಿದ್ದೆ?"

"ನಾನು ಬಾಗಿಸ್ದೆ ಇದ್ರೆ ನೀವ್ಯಾರೂ ಉಣ್ಣೋ ಹಾಗಿಲ್ವಲ್ಲ. ಮೊದಮೊದಲು ಲೆಕ್ಕ ಇಟ್ಕೊಂಡಿದ್ದೆ, ಎಷ್ಟು ಹೊತ್ತು ಕೂರ್ಬೇಕು ಅಂತ. ಈಗೀಗ ತಪ್ಪಿ ಹೋಗ್ತಿದೆ."

ಫೆಬ್ರುವರಿಯ ಆ ವಾರ ಇಬ್ಬರಿಗೂ ಮರೆಯುವಂಥದ್ದಲ್ಲ. ಸಲೋಮಳಿಗೆ ಮೆದುಳಿಗೇರಿದ ಜ್ವರ. ಪಟ್ಟಣದ ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತ ಕುಳಿತಿದ್ದರು. ಕೊನೆಗೊಂದು ಸಂಜೆ ಜ್ವರ ಇಳಿಯಿತು. ಮಗು ಕಣ್ಣು ಬಿಟ್ಟು ನೀರು ಕೇಳಿತು. ಮಾಹ್ಲನ್ ಆ ಕಾರಿಡಾರಿನಲ್ಲೇ, ದಾದಿಯರು ಅಪರಿಚಿತರು ಎಲ್ಲರೂ ನೋಡುತ್ತಿರುವಂತೆ, ಮೊಣಕಾಲೂರಿದ. ಎಂದೂ ಬಾಯಿಬಿಟ್ಟು ಪ್ರಾರ್ಥಿಸದವನು ಗಟ್ಟಿಯಾಗಿ ದೇವರಿಗೆ ಸ್ತೋತ್ರ ಹೇಳಿದ. ಮಗಳು ಮರಳಿ ಬಂದಳೆಂದು ಸಭೆಯ ಮನೆಮನೆಗೂ ಹೇಳಿ ಕಳುಹಿಸಿದ. ಮರುದಿನ ಬೆಳಿಗ್ಗೆ ದಾದಿಯ ಕೈಯಿಂದ ಉಕ್ಕಿನ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಇಡೀ ವಾರ್ಡು ಬೆಚ್ಚಿ ತಿರುಗಿತು. ಸಲೋಮ ತಿರುಗಲಿಲ್ಲ. ಅದನ್ನು ಮೊದಲು ಕಂಡವನು ಮಾಹ್ಲನ್.

"ಚರ್ಮದ ಸರಕು ಬಂದ್ರೆ ಪೆಟ್ಟಿಗೆ ಬಿಚ್ಚಿ, ಒಂದೊಂದು ತುಂಡೂ ಬಗ್ಗಿಸಿ ನೋಡ್ದೆ ನಾನು ಚೆನ್ನಾಗಿದೆ ಅನ್ನೋನಲ್ಲ," ಎಂದ ಅವನು, ದಾರವನ್ನು ಕೆಳಗಿಟ್ಟು. "ಅವತ್ತು ಅಂದ್ಬಿಟ್ಟೆ. ಊರಿಗೆಲ್ಲಾ ಅಂದ್ಬಿಟ್ಟೆ. ದೇವರು ನಾನು ಮೊಣಕಾಲೂರೋ ತನಕ ಕಾದು, ಆಮೇಲೆ ತೋರಿಸ್ದ."

"ಮಗು ಬದುಕಿದೆ ಮಾಹ್ಲನ್."

"ಗೊತ್ತು. ಅದಕ್ಕೇ ಕಷ್ಟ. ದೂರು ಹೇಳಿದ್ರೆ ಕೃತಘ್ನ ಆಗ್ತೀನಿ. ಸ್ತೋತ್ರ ಹೇಳಿದ್ರೆ ಸುಳ್ಳ ಆಗ್ತೀನಿ. ಎರಡೂ ಬೇಡ ಅಂತ ಸುಮ್ನಿದ್ದೀನಿ."

ಲೊವೀನಾ ಗೋಡೆಗೆ ತೂಗುಹಾಕಿದ್ದ ಕಡಿವಾಣಗಳ ಸಾಲನ್ನು ನೋಡುತ್ತ ನಿಂತಳು. 

"ಭಾನುವಾರ ಕೇಳ್ತಾರಲ್ಲ," ಎಂದಳು. "ನಮ್ಮನೇಲೇ ಕೇಳ್ತಾರೆ. ಏನಂತೀಯ?"

ವರ್ಷಕ್ಕೆರಡು ಬಾರಿ ಸಭೆ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಕೂಡುತ್ತದೆ. ಅದಕ್ಕೆ ಮುಂಚಿನ ಸಭೆಯ ಭಾನುವಾರ ವಿಚಾರಣೆ. ದೀಕ್ಷೆ ಪಡೆದ ಒಬ್ಬೊಬ್ಬರ ಬಳಿಗೂ ಸಭಾಸೇವಕ ಬಂದು, ದೇವರೊಂದಿಗೂ ನೆರೆಯವರೊಂದಿಗೂ ಸಮಾಧಾನವಿದೆಯೇ ಎಂದು ಕೇಳುತ್ತಾನೆ. ಎಲ್ಲರೂ ಇದೆ ಎಂದರೆ ಮಾತ್ರ ರೊಟ್ಟಿ ಮುರಿಯುವ ದಿನ ನಿಶ್ಚಯವಾಗುತ್ತದೆ. ಒಬ್ಬನೇ ಒಬ್ಬ ಇಲ್ಲ ಎಂದರೂ ಇಡೀ ಸಭೆ ಅವನಿಗಾಗಿ ಕಾಯುತ್ತದೆ. ವಸಂತದಲ್ಲಿ ಮಾಹ್ಲನ್ ಸಲೋಮಳೊಂದಿಗೆ ಮತ್ತೆ ಆಸ್ಪತ್ರೆಯಲ್ಲಿದ್ದುದರಿಂದ ಅವನನ್ನು ಕೇಳುವುದು ತಪ್ಪಿತ್ತು. ಈ ಸಲ ವಿಚಾರಣೆ ಅವರದೇ ರೇಬರ್ ಮನೆಯಲ್ಲಿ. ಅಲ್ಲದೆ ಡ್ರುಸಿಲಾಳ ಹೃದಯ ಬೇಸಿಗೆಯಿಂದಲೇ ಸೋಲುತ್ತಿತ್ತು. ಈ ಶರತ್ಕಾಲದ ರೊಟ್ಟಿಯೊಂದು ಸಿಕ್ಕಿದರೆ ಸಾಕು, ಆಮೇಲೆ ಕರೆದಾಗ ಹೊರಡುತ್ತೇನೆ ಎಂದು ಅವಳು ಮನೆಯವರಿಗೆಲ್ಲ ಹೇಳಿಟ್ಟಿದ್ದಳು.

"ಇದ್ದದ್ದು ಹೇಳ್ತೀನಿ," ಎಂದ ಮಾಹ್ಲನ್.

"ಅತ್ತೆ ಕಾದಿದ್ದಾರೆ."

"ಸುಳ್ಳು ಹೇಳು ಅಂತಿದ್ದೀಯಾ?"

  ಅವಳು ಬಾಗಿಲು ತೆರೆದು ಅಡುಗೆಮನೆಗೆ ಮರಳಿದಳು.

*

ಶನಿವಾರ ಬೆಂಚುಗಳ ಗಾಡಿ ಬಂತು. ಸಭೆಗೆ ಕಟ್ಟಡವಿಲ್ಲ, ಯಾರ ಮನೆಯಲ್ಲಿ ಕೂಟವೋ ಅವರ ಮನೆಗೆ ಬೆಂಚುಗಳು ಹೋಗುತ್ತವೆ. ಗಾಡಿಯ ಹಿಂದೆಯೇ ಬಿಷಪ್ ಯೋಸ್ಟ್ ಕೂಡ ಬಂದರು. ವಾರವೆಲ್ಲ ಹಂದಿ ಸಾಕುವ, ಭಾನುವಾರ ಬೋಧಿಸುವ ಎಪ್ಪತ್ತರ ಮನುಷ್ಯ. ಎಮರಿಯ ಜೊತೆ ಒಂದು ಬೆಂಚನ್ನು ಹೊತ್ತು ಒಳಗಿಟ್ಟು, ಪಂಪಿನ ಬಳಿ ನೀರು ಕುಡಿಯಲು ನಿಂತರು.

"ಮನೆ ಹೊಳೀತಿದೆ ಲೊವೀನಾ. ನನ್ನ ಹಂದಿಗಳ ವಾಸನೆ ತಂದು ಹಾಳು ಮಾಡ್ಬಿಟ್ನೇನೋ."

"ಕಿಟಕಿ ತೆರೆದಿದ್ದೀವಿ ಬಿಡಿ," ಎಂದು ನಗಲು ಯತ್ನಿಸಿದಳು.

ಅವರು ಅವಳ ಮುಖವನ್ನೊಮ್ಮೆ ನೋಡಿದರು. "ಮನೇಲಿ ಎಲ್ಲಾ ಸರಿಯಿದೆಯೇನಮ್ಮ?"

ಹೇಳಿಬಿಡಬಹುದಿತ್ತು. ಬಿಷಪ್ ಮುಂಚೆಯೇ ಮಾಹ್ಲನ್‌ನೊಂದಿಗೆ ಮಾತನಾಡಿ, ಏನಾದರೂ ದಾರಿ ಮಾಡಿಕೊಟ್ಟಾರು. ಜನರೆದುರು ಗಂಡನ ಮರ್ಯಾದೆ ಉಳಿದೀತು. ಮಾತು ತುಟಿಯವರೆಗೂ ಬಂತು. ಆದರೆ ಅದು ಮಾಹ್ಲನ್‌ನ ಮಾತು, ತನ್ನದಲ್ಲ. ಅವನ ಬಾಯಿಂದ ಅದನ್ನು ಕಿತ್ತು ಕೊಡುವ ಹಕ್ಕು ತನಗಿಲ್ಲ ಎನ್ನಿಸಿತು.

"ನಾಳೆ ಕೇಳ್ತೀರಲ್ಲ," ಎಂದಳು.

ಯೋಸ್ಟ್ ಲೋಟವನ್ನು ಪಂಪಿನ ಮೇಲೆ ಕವುಚಿಟ್ಟರು. "ಹೂಂ. ಕೇಳ್ತೀವಿ," ಎಂದಷ್ಟೇ ಹೇಳಿ ಗಾಡಿ ಏರಿದರು.

*

ಭಾನುವಾರದ ಬೋಧನೆ ಮಧ್ಯಾಹ್ನ ದಾಟಿ ನಡೆಯಿತು. ಆಮೇಲೆ ಮಕ್ಕಳೂ ದೀಕ್ಷೆಯಾಗದ ಹುಡುಗರೂ ಹೊರಗೆ ಹೋದರು. ಸಲೋಮಳ ಕೈ ಹಿಡಿದು ಎಮರಿಯೂ ಹೋದ. ಕಿಟಕಿಗಳನ್ನು ಮುಚ್ಚಿದರು. ಗಂಡಸರು ಒಂದು ಕೋಣೆಯಲ್ಲಿ, ಹೆಂಗಸರು ಪಕ್ಕದ ಕೋಣೆಯಲ್ಲಿ. ನಡುವಿನ ಮಡಿಸುವ ಬಾಗಿಲು ತೆರೆದಿತ್ತು.

ಸಭಾಸೇವಕ ಗಂಡಸರ ಕೊನೆಯ ಬೆಂಚಿನಿಂದ ಆರಂಭಿಸಿದ. ಬಗ್ಗಿ, ಮೆಲುದನಿಯಲ್ಲಿ ಕೇಳುವನು. ಉತ್ತರವೂ ಮೆಲುದನಿಯಲ್ಲೇ ಬರುವುದು. ಇದೆ. ಇದೆ. ನನಗೂ ಇದೆ. ಬೂಟಿನ ಸದ್ದು ಒಂದೊಂದೇ ಹೆಜ್ಜೆಯಾಗಿ ಹತ್ತಿರವಾಗುತ್ತಿತ್ತು. ಲೊವೀನಾ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಅತ್ತೆಯ ಉಸಿರು ಸಣ್ಣಗೆ ಸೀಟಿಯೂದುತ್ತಿತ್ತು.

ಬೂಟಿನ ಸದ್ದು ನಿಂತಿತು.

"ಇಲ್ಲ," ಎಂದ ಮಾಹ್ಲನ್. ಮೆಲುದನಿಯಲ್ಲಲ್ಲ.

ಯಾರೂ ತಿರುಗಿ ನೋಡಲಿಲ್ಲ. ಅದೂ ಅಲ್ಲಿಯ ಮರ್ಯಾದೆಯೇ. ಸಭಾಸೇವಕ ಬಿಷಪ್ಪರ ಕಡೆ ನೋಡಿದ. ಯೋಸ್ಟ್ ಕೇಳಿದರು: "ಯಾರ ಜೊತೆ ಇಲ್ಲಪ್ಪ? ಸಭೆಯಲ್ಲಿ ಯಾರಾದ್ರೂ...?"

"ಸಭೆಯೋರು ಯಾರೂ ಅಲ್ಲ. ನಮ್ಮ ಹೊಲ ನೀವೇ ಉತ್ತಿದ್ದೀರಿ, ಆಸ್ಪತ್ರೆ ಖರ್ಚು ನೀವೇ ಹೊತ್ತಿದ್ದೀರಿ. ನಿಮ್ಮ ಮೇಲೆ ನನಗೆ ಏನೂ ಇಲ್ಲ." ಅವನು ನಿಂತುಕೊಂಡ. ಬೆಂಚು ಕಿರುಗುಟ್ಟಿತು. "ಫೆಬ್ರುವರಿಯಿಂದ ನಾನು ದೇವರಿಗೆ ಸ್ತೋತ್ರ ಹೇಳಿಲ್ಲ. ಮೇಜಿನ ಮುಂದೆ ತಲೆ ಬಾಗಿಸಿ ಸುಮ್ನೆ ಕೂತಿದ್ದೀನಿ. ಎಲ್ಲಾ ಸ್ಥಿತೀಲೂ ಸ್ತೋತ್ರ ಮಾಡ್ಬೇಕು ಅಂತ ನೀವು ಬೋಧಿಸ್ತೀರಿ. ನನಗೆ ಹೇಗೆ ಅಂತ ಗೊತ್ತಾಗ್ತಿಲ್ಲ. ಗೊತ್ತಾಗಿದೆ ಅಂತ ರೊಟ್ಟಿ ಮುಟ್ಟೋಕೆ ಮನಸ್ಸು ಬರ್ತಿಲ್ಲ."

ಹೇಳಿ ಕುಳಿತ. 

ಯೋಸ್ಟ್ ಸಭಾಸೇವಕನ ಕಡೆ ತಿರುಗಿದರು. "ಉಳಿದೋರ್ನೂ ಕೇಳಿ," ಎಂದರು.

ಸಭಾಸೇವಕ ಮುಂದುವರಿದ. ಗಂಡಸರ ಸಾಲು ಮುಗಿದು ಹೆಂಗಸರ ಸರದಿ ಬಂತು. ಹಿರಿಯಳೆಂದು ಮೊದಲು ಡ್ರುಸಿಲಾಳ ಮುಂದೆ ಬಗ್ಗಿದ.

"ನನಗೆ ಸಮಾಧಾನ ಇದೆ," ಎಂದಳು ಮುದುಕಿ. "ನನ್ನ ಮಗನ ಜೊತೆಗೂ ಇದೆ. ಅವನಿಗಾಗೋ ತನಕ ಕಾಯೋಣ. ನನಗೆ ಇಲ್ಲಿ ತಿನ್ನೋಕಾಗ್ದಿದ್ರೆ ಅಲ್ಲೇ ಹೋಗಿ ತಿಂತೀನಿ. ಅಲ್ಲೇನು ರೊಟ್ಟಿಗೆ ಬರವೇ?"

ಯಾವುದೋ ಬೆಂಚಿನಿಂದ ನಗೆಯೊಂದು ಹೊರಟು ಕೆಮ್ಮಾಗಿ ಮುಗಿಯಿತು. ಲೊವೀನಾಳ ಸರದಿ ಬಂದಾಗ ಅವಳು ಏನೋ ಗೊಣಗಿದಳು. ಏನೆಂದು ಅವಳಿಗೇ ತಿಳಿಯಲಿಲ್ಲ. ಸಭಾಸೇವಕ ದಯೆಯಿಂದ ಮುಂದೆ ನಡೆದ.

ಬಿಷಪ್ ಎದ್ದು ಹೇಳಿದ್ದು ಎರಡೇ ಮಾತು. ಪ್ರಭುಭೋಜನ ಮುಂದಕ್ಕೆ ಹೋಯಿತು. ಮುಂದಿನ ಕೂಟ ತಮ್ಮ ಮನೆಯಲ್ಲಿ. ಅಲ್ಲಿ ಮತ್ತೆ ಕೇಳುವುದು.

*

ಊಟಕ್ಕೆ ಬ್ರೆಡ್ಡು, ಕಡಲೆಕಾಯಿಯ ಸಿಹಿ ಬೆಣ್ಣೆ, ಬೀಟ್‌ರೂಟಿನ ಉಪ್ಪಿನಕಾಯಿ, ಕಾಫಿ. ಯಾರೂ ಮಾಹ್ಲನ್‌ನನ್ನು ದೂರ ಕೂರಿಸಲಿಲ್ಲ. ಒಬ್ಬ ಅವನೆದುರಿಗೆ ಉಪ್ಪಿನಕಾಯಿಯ ಬೋಗುಣಿ ಸರಿಸಿದ, ಇನ್ನೊಬ್ಬ ಹರಿದ ಲಗಾಮಿನ ಬಗ್ಗೆ ಕೇಳಿದ. ಆ ಒಳ್ಳೆಯತನವೇ ಅವನಿಗೆ ತಡೆಯದಾಯಿತು. ಕಾಫಿ ಅರ್ಧ ಬಿಟ್ಟು ಕುದುರೆ ಲಾಯದ ಕಡೆಗೆ ಹೋದ.

ಜನ ಚದುರಿದ ಮೇಲೆ ಲೊವೀನಾ ಅವನನ್ನು ಹುಡುಕಿಕೊಂಡು ಹೊರಟಳು. ಲಾಯದ ಹಲಗೆ ಗೋಡೆಯ ಬಳಿ ಬಂದಾಗ ಒಳಗಿನಿಂದ ಸಲೋಮಳ ದನಿ ಕೇಳಿ ಕಾಲುಗಳು ನಿಂತವು. ಆ ದನಿಯನ್ನು ಕೇಳಿಸಿಕೊಳ್ಳದಿರಲು ಗೋಡೆಗಳಿಂದಲೂ ಆಗುತ್ತಿರಲಿಲ್ಲ.

"ನೀನು ಯಾಕೆ ಪ್ರಾರ್ಥನೆ ಅಷ್ಟು ಬೇಗ ಮುಗಿಸ್ತೀಯ ಅಪ್ಪ? ಎಮರಿ ನನ್ನ ತಟ್ಟೋವಾಗ ನಂದು ಇನ್ನೂ ತುಂಬಾ ಇರುತ್ತೆ."

ಮಾಹ್ಲನ್ ನಿಧಾನವಾಗಿ, ತುಟಿ ಕಾಣುವಂತೆ ಮಾತಾಡುತ್ತಿದ್ದನೆಂದು ಅವನ ಮಾತಿನ ಧಾಟಿಯಿಂದಲೇ ತಿಳಿಯುತ್ತಿತ್ತು. "ಅಷ್ಟು ಹೊತ್ತು ಏನು ಹೇಳ್ತೀಯ ನೀನು?"

"ಮೊದಲು ಪ್ರಾರ್ಥನೆ. ಆಮೇಲೆ ಜಗಳ. ಆಮೇಲೆ ಸ್ತೋತ್ರ."

"ಏನು?"

"ಜ-ಗ-ಳ." ಕಿವಿ ಕೇಳಿಸದಿರುವುದು ಅಪ್ಪನಿಗೇ ಎಂಬಂತೆ ಬಿಡಿಸಿ ಹೇಳಿದಳು. "ನನ್ನ ಕಿವಿ ಯಾಕೆ ತಗೊಂಡೆ, ನಿನಗೆ ಬೇರೆ ಇರ್ಲಿಲ್ವಾ ಅಂತೀನಿ. ದಿನಾ ಅಂತೀನಿ."

"ಅವನಿಗೆ ಸಿಟ್ಟು ಬರಲ್ವಾ?"

"ಬಂದ್ರೆ ಬರ್ಲಿ. ನನಗೂ ಬಂದಿದೆ." ಒಣಹುಲ್ಲು ಸರಪರ ಎಂದಿತು. "ಆಮೇಲೆ ಒಂದು ಸದ್ದಿಗೆ ಸ್ತೋತ್ರ ಹೇಳ್ತೀನಿ. ದಿನಾ ಬೇರೆ ಬೇರೆ ಸದ್ದು. ಹೇಳ್ದಿದ್ರೆ ಮರ್ತು ಹೋಗುತ್ತೆ. ನಿನ್ನೆ ಆಲಿಕಲ್ಲು. ತಗಡಿನ ಮೇಲೆ ಬೀಳುತ್ತಲ್ಲ, ಅದು. ಇವತ್ತು ಕುದುರೆ ಓಟ್ಸ್ ಅಗಿಯೋದು. ನೋಡು, ಈಗ ಅಗೀತಿದೆ. ನನಗೆ ಗೊತ್ತಿದೆ ಅದು ಹೇಗಿರುತ್ತೆ ಅಂತ."

 ಸಲೋಮಳ ದನಿ ಮೊದಲ ಬಾರಿಗೆ ತಗ್ಗಿತು.

"ಎಮರಿ ದನಿ ಮರ್ತು ಹೋಗ್ಬಿಟ್ಟಿದೆ ಅಪ್ಪ. ಹುಡುಕಿದೆ, ಸಿಗ್ಲಿಲ್ಲ. ಅವನಿಗೆ ಹೇಳ್ಬೇಡ, ಬೇಜಾರ್ ಮಾಡ್ಕೊಳ್ತಾನೆ."

 ಲೊವೀನಾ ಹಲಗೆಗೆ ಹಣೆ ಒತ್ತಿ ನಿಂತಳು. ಒಳಗೆ ಗಂಡಸೊಬ್ಬ ಅಳುತ್ತಿದ್ದ. ಎದೆಯಲ್ಲಿ ತಿಂಗಳುಗಟ್ಟಲೆ ಕೂಡಿಟ್ಟದ್ದು ಒಮ್ಮೆಗೇ ದಾರಿ ಕಂಡಾಗ ಬರುವಂಥ, ಒರಟಾದ, ಅಭ್ಯಾಸವಿಲ್ಲದ ಅಳು.

"ಅಳ್ಬೇಡ," ಎಂದಳು ಸಲೋಮ. ಅನಂತರ ಸ್ವಲ್ಪ ಯೋಚಿಸಿದವಳಂತೆ, "ಅಥವಾ ಅಳು. ನನಗೇನು ಕೇಳಿಸಲ್ಲ," ಎಂದಳು.

ಅಳುವಿನ ನಡುವೆಯೇ ಮಾಹ್ಲನ್ ನಕ್ಕದ್ದು ಹೊರಗೆ ಕೇಳಿಸಿತು. ಲೊವೀನಾ ಒಳಗೆ ಹೋಗದೆ ಹಿಂದಿರುಗಿದಳು.

*

ಸಂಜೆಯ ಊಟಕ್ಕೆ ಉಳಿದ ಬ್ರೆಡ್ಡು, ಬಿಸಿ ಹಾಲು, ಒಣಸೇಬಿನ ಪೈ. ಎಲ್ಲರೂ ಕುಳಿತರು. ಎಲ್ಲರೂ ಮಾಹ್ಲನ್‌ನ ತಲೆಯನ್ನೇ ನೋಡುತ್ತಿದ್ದರು. ವಿಚಾರಣೆಯಲ್ಲಿ ಆ ಮಾತು ಆಡಿದ ಮೇಲೆ ಅವನು ತಲೆ ಬಾಗಿಸುವನೇ? ಬಾಗಿಸಿದರೆ ಅದು ಏನು? ಬಾಗಿಸದಿದ್ದರೆ ಈ ಮನೆಯಲ್ಲಿ ಇನ್ನು ಊಟ ಆರಂಭವಾಗುವುದು ಹೇಗೆ?

ಮಾಹ್ಲನ್ ತಲೆ ಬಾಗಿಸಲಿಲ್ಲ.

"ಯಾರೂ ಕಣ್ಣು ಮುಚ್ಬೇಡಿ," ಎಂದ. "ಸಲೋಮಳಿಗೆ ನನ್ನ ತುಟಿ ಕಾಣ್ಬೇಕು."

"ಬಾಯಿಬಿಟ್ಟೇ?" ಎಂದಳು ಡ್ರುಸಿಲಾ, ಬೆರಗಿನಿಂದ. ಎಂಬತ್ತು ದಾಟಿದ ಆ ಬದುಕಿನಲ್ಲಿ ಅವಳ ಮೇಜಿನ ಮುಂದೆ ಯಾರೂ ಬಾಯಿಬಿಟ್ಟು ಪ್ರಾರ್ಥಿಸಿರಲಿಲ್ಲ. ಅದು ಹೊರಗಿನವರ ಪದ್ಧತಿ, ಜಂಬದ ಪದ್ಧತಿ.

"ಬಾಯಿಬಿಟ್ಟೇ ಅಮ್ಮ. ತಪ್ಪಾದ್ರೆ ಯೋಸ್ಟ್ ಅವರಿಗೆ ನಾನೇ ಹೇಳ್ತೀನಿ."

ಎಮರಿ ಎತ್ತಿದ್ದ ಚಮಚವನ್ನು ಸದ್ದಿಲ್ಲದೆ ಕೆಳಗಿಟ್ಟ. ಮಾಹ್ಲನ್ ಮಗಳ ಕಡೆ ಮುಖ ಮಾಡಿದ. ಮಾತುಗಳು ಅವನಿಗೆ ಸುಲಭವಾಗಿ ಬರಲಿಲ್ಲ; ಗಟ್ಟಿ ಚರ್ಮದಲ್ಲಿ ಸೂಜಿ ತೂರಿಸುವವನಂತೆ ಒಂದೊಂದನ್ನೂ ನೂಕಿ ಹೊರತೆಗೆಯಬೇಕಾಯಿತು.

"ಕರ್ತನೇ. ಬಹಳ ದಿನ ಆಯ್ತು ನಿನ್ನ ಹತ್ರ ಮಾತಾಡಿ. ನನಗೆ ನಿನ್ನ ಮೇಲೆ ಸಿಟ್ಟಿದೆ. ಯಾಕೆ ಮಾಡ್ದೆ ಅಂತ ನನಗೆ ಗೊತ್ತಿಲ್ಲ. ಅದಕ್ಕೆ ಸ್ತೋತ್ರ ಹೇಳು ಅಂದ್ರೆ ಇವತ್ತು ನನ್ನಿಂದಾಗಲ್ಲ, ನೀನೂ ಕೇಳ್ಬೇಡ."

ಉಸಿರು ತೆಗೆದುಕೊಂಡ. ಡ್ರುಸಿಲಾಳ ಕೈ ಮೇಜಿನ ಅಂಚನ್ನು ಬಿಗಿಹಿಡಿದಿತ್ತು.

"ಆದ್ರೆ ಈ ಹುಡುಗಿ ಇಲ್ಲಿ ಕೂತಿದ್ದಾಳೆ. ಇವಳು ಕೂರೋ ಕುರ್ಚಿ ಖಾಲಿ ಆಗ್ಬೋದಿತ್ತು. ಆಗ್ಲಿಲ್ಲ. ಅವತ್ತು ಆಸ್ಪತ್ರೇಲಿ ಪೂರ್ತಿ ಗೊತ್ತಿಲ್ದೆ ಹೇಳಿದ್ದೆ. ಇವತ್ತು ಪೂರ್ತಿ ಗೊತ್ತಿದ್ದು ಹೇಳ್ತಿದ್ದೀನಿ. ಇವಳಿಗೋಸ್ಕರ ನಿನಗೆ ಸ್ತೋತ್ರ. ಇವಳು ಹೀಗೇ ಇದ್ದಾಳೆ, ಹೀಗಿರೋ ಇವಳಿಗೋಸ್ಕರ ಸ್ತೋತ್ರ. ಈ ಬ್ರೆಡ್ಡಿಗೆ ಸ್ತೋತ್ರ. ಅಮ್ಮ ಇನ್ನೂ ನನ್ನ ಬೈಯೋಕೆ ಇದ್ದಾಳಲ್ಲ, ಅದಕ್ಕೂ."

ಸಲೋಮ ರೆಪ್ಪೆ ಮಿಟುಕಿಸದೆ ಅವನ ತುಟಿಗಳನ್ನು ನೋಡುತ್ತಿದ್ದಳು. ಅವು ನಿಂತ ಮೇಲೂ ಕಾದಳು.

"ಅಷ್ಟೇನಾ?" ಎಂದು ಕೇಳಿದಳು.

"ಇವತ್ತಿಗೆ ಅಷ್ಟೇ," ಎಂದ ಮಾಹ್ಲನ್.

"ಪರ್ವಾಗಿಲ್ಲ," ಎಂದಳು ಅವಳು, ಹೊಸಬನ ಕೆಲಸಕ್ಕೆ ಒಪ್ಪಿಗೆ ಕೊಡುವವಳಂತೆ; ಕೊಟ್ಟು ಪೈ ಕಡೆಗೆ ಕೈ ಚಾಚಿದಳು.

*

ಮುಂದಿನ ಕೂಟದ ಭಾನುವಾರ ಡ್ರುಸಿಲಾಳನ್ನು ಕುರ್ಚಿಸಮೇತ ಎತ್ತಿ ಯೋಸ್ಟ್ ಅವರ ಮನೆಯೊಳಕ್ಕೆ ತರಬೇಕಾಯಿತು. ಅವಳ ತುಟಿಗಳಿಗೆ ನೀಲಿ ಬಣ್ಣ ಬಂದಿತ್ತು. ಬೋಧನೆಯಾಯಿತು, ಮಕ್ಕಳು ಹೊರಗೆ ಹೋದರು, ಕಿಟಕಿಗಳು ಮುಚ್ಚಿದವು. ಈ ಬಾರಿ ಸಭಾಸೇವಕ ಹಿಂದಿನ ಬೆಂಚಿನಿಂದ ಆರಂಭಿಸದೆ ನೇರವಾಗಿ ಮಾಹ್ಲನ್‌ನ ಮುಂದೆ ಬಂದು ನಿಂತ.

ಮಾಹ್ಲನ್ ಎದ್ದ. "ಉತ್ತರಕ್ಕೆ ಮೊದಲು ಒಂದು ಮಾತು ಹೇಳ್ಬೇಕು. ಆವತ್ತಿನಿಂದ ನಾನು ಊಟದ ಮುಂದೆ ಬಾಯಿಬಿಟ್ಟು ಪ್ರಾರ್ಥನೆ ಮಾಡ್ತಿದ್ದೀನಿ. ಕಣ್ಣು ಬಿಟ್ಟು. ಮಗಳಿಗೆ ಕಾಣ್ಲಿ ಅಂತ."

ಬೆಂಚುಗಳ ಮೇಲೆ ಒಂದು ಅಲುಗಾಟ ಹರಿದುಹೋಯಿತು. ಹಿಂದಿನ ಸಾಲಿನ ಮುದುಕನೊಬ್ಬ, "ನಮ್ಮಲ್ಲಿ ಹಾಗಿಲ್ಲ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದ.  ಸಮಾಧಾನಕ್ಕೆಂದು ಬಂದವನು ಹೊಸ ತಕರಾರನ್ನು ತಾನೇ ತಂದು ನಡುಮನೆಯಲ್ಲಿಟ್ಟಿದ್ದ. ರೊಟ್ಟಿ ಇನ್ನೊಮ್ಮೆ ಮುಂದಕ್ಕೆ ಹೋದರೆ ಅತ್ತೆಗೆ ಅದು ಎಟುಕುವಂತಿರಲಿಲ್ಲ.

ಯೋಸ್ಟ್ ಉಳಿದ ಇಬ್ಬರು ಬೋಧಕರ ಮುಖ ನೋಡಿದರು. ಒಬ್ಬರು ಹುಬ್ಬು ಗಂಟಿಕ್ಕಿದರು. ಇನ್ನೊಬ್ಬರು ತಲೆಯಾಡಿಸಿದರು, ಆದರೆ ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ.

"ಅದು ಬೇರೆ ಮಾತು," ಎಂದರು ಯೋಸ್ಟ್ ಕೊನೆಗೆ. "ಚಳಿಗಾಲ ಉದ್ದ ಇದೆ, ಕೂತು ಮಾತಾಡೋಣ. ಮಗೂಗೆ ಕಾಣೋ ಹಾಗೆ ಪ್ರಾರ್ಥನೆ ಮಾಡಿದ್ರೆ ದೇವರಿಗೆ ಕಾಣದೆ ಹೋಗಲ್ಲ ಅಂತ ನನಗನ್ಸುತ್ತೆ. ಈಗ ಕೇಳಿದ್ದಕ್ಕೆ ಹೇಳು. ಸಮಾಧಾನ ಇದೆಯಾ?"

ಮಾಹ್ಲನ್ ಬಾಗಿಲಾಚೆಗಿನ ಹೆಂಗಸರ ಕೋಣೆಯನ್ನು ನೋಡಲಿಲ್ಲ. ತಾಯಿಯ ಕುರ್ಚಿಯನ್ನೂ ನೋಡಲಿಲ್ಲ. ಅವಳಿಗಾಗಿ ಒಂದು ಸುಳ್ಳು ಹೇಳಿಯಾನೇ ಎಂದು ಲೊವೀನಾ ಬಾಗಿಲಿನ ಕಡೆ ಬಾಗಿದಳು.

"ಸಿಟ್ಟು ಪೂರ್ತಿ ಹೋಗಿಲ್ಲ," ಎಂದ ಅವನು. "ಇದ್ದದ್ದು ಹೇಳ್ತೀನಿ. ಆದ್ರೆ ಈಗ ಅದನ್ನ ಅವನಿಗೇ ಹೇಳ್ತಿದ್ದೀನಿ, ದಿನಾ. ಸ್ತೋತ್ರಾನೂ ಅವನಿಗೇ ಹೇಳ್ತಿದ್ದೀನಿ, ದಿನಾ. ಎರಡೂ ಒಂದೇ ಬಾಯಲ್ಲಿ ಬರ್ತಿದೆ. ಮೊದಲು ಒಂದೂ ಬರ್ತಿರ್ಲಿಲ್ಲ." ಸ್ವಲ್ಪ ತಡೆದು, "ಇದಕ್ಕೆ ಸಮಾಧಾನ ಅಂತಾರೆ ಅಂದ್ರೆ, ಇದೆ. ನನಗೆ ರೊಟ್ಟಿ ಬೇಕು," ಎಂದ.

ಯೋಸ್ಟ್ ಉತ್ತರಿಸುವ ಮೊದಲು ಸಭೆಯ ಮೇಲೆ ಕಣ್ಣಾಡಿಸಿದರು. ಹಿಂದಿನ ಸಾಲಿನ ಮುದುಕ ತನ್ನ ಗಡ್ಡ ನೀವಿಕೊಳ್ಳುತ್ತ, "ನನ್ನ ಹೆಂಡ್ತಿ ಸತ್ತ ವರ್ಷ ನಾನು ಇಷ್ಟೂ ಹೇಳಿರ್ಲಿಲ್ಲ. ಸುಮ್ನೆ 'ಇದೆ' ಅಂದಿದ್ದೆ," ಎಂದ. ಈ ಬಾರಿ ಎಲ್ಲರಿಗೂ ಕೇಳಿಸುವಂತೆ.

"ಮುಂದಿನೋರ್ನ ಕೇಳಿ," ಎಂದರು ಬಿಷಪ್.

ಸಭಾಸೇವಕನ ಬೂಟುಗಳು ಮತ್ತೆ ನಡೆಯತೊಡಗಿದವು. ಇದೆ. ಇದೆ. ಗಂಡಸರ ಬೆಂಚುಗಳು ಮುಗಿದವು. ಡ್ರುಸಿಲಾ ಬಾಯಿಯಲ್ಲಿ ಹೇಳಲಾರದೆ ಕಣ್ಣು ಮುಚ್ಚಿ ತೆರೆದಳು. ಅವಳ ನೀಲಿ ತುಟಿಗಳ ಮೇಲೆ ನಗೆಯಿತ್ತು. ಆಮೇಲೆ ಅವನು ಲೊವೀನಾಳ ಮುಂದೆ ಬಂದು ಬಗ್ಗಿದ.

"ನಿನಗೆ, ಲೊವೀನಾ?"

ಅವಳಿಗೆ ಆಗ ಹೊಳೆಯಿತು: ಆ ಮಧ್ಯಾಹ್ನ ಕಣ್ಣು ತೆರೆದಂದಿನಿಂದ ಗಂಡನ ಪ್ರಾರ್ಥನೆಗೆ ಕಾವಲು ಕೂತು ಕೂತು, ತನ್ನದು ಒಂದು ದಿನವೂ ಕೊನೆ ಮುಟ್ಟಿರಲಿಲ್ಲ. ಆಸ್ಪತ್ರೆಯ ಆ ಬೆಳಗಿಗಾಗಿ ತಾನೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಅದು ಬಂತು. ಸಭಾಸೇವಕ ಆತುರಪಡಿಸಲಿಲ್ಲ. ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡು, ಮತ್ತೆ ಬಂದದ್ದನ್ನು ಮತ್ತೆ ಒರೆಸಿಕೊಂಡು, ಮುಚ್ಚಿದ ಕಿಟಕಿಯ ಗಾಜಿನಾಚೆ ಬೇಲಿ ಹತ್ತಿ ಕುಳಿತಿದ್ದ ಮಗಳನ್ನು ಅವಳು ನೋಡಿದಳು.

"ಇದೆ," ಎಂದಳು. "ದೇವರಿಗೆ ಸ್ತೋತ್ರ. ಇದೆ."